ಬೆರಳಿನ ಗುರುತು ಉಳಿದ ಮೃಗಗಳು

ಕೇಳುಗರಿಗೆ ನಮಸ್ಕಾರ.

1933ರಲ್ಲಿ ತೆರೆಕಂಡ ‘ಕಿಂಗ್ ಕಾಂಗ್’ ಚಿತ್ರದ ದೈತ್ಯ ಗೊರಿಲ್ಲಾವನ್ನು ಗಮನವಿಟ್ಟು ನೋಡಿದರೆ, ಅದು ಸುಮ್ಮನೆ ನಿಂತಿರುವಾಗಲೂ ಮೈಮೇಲಿನ ರೋಮ ಗಾಳಿಗೆ ಸಿಕ್ಕ ಹುಲ್ಲಿನಂತೆ ಅಲುಗುವುದು ಕಾಣುತ್ತದೆ. ಬೊಂಬೆಯನ್ನು ಕೂದಲೆಳೆಯಷ್ಟು ಸರಿಸಿ ಒಂದು ಫ್ರೇಮ್ ಚಿತ್ರಿಸಿಕೊಂಡು, ಮತ್ತೆ ಸರಿಸಿ ಇನ್ನೊಂದನ್ನು ಚಿತ್ರಿಸುವಾಗ, ಅದನ್ನು ಹಿಡಿದ ಬೆರಳುಗಳು ಮೊಲದ ತುಪ್ಪಳದ ಮೇಲೆ ಉಳಿಸಿಹೋದ ಗುರುತು ಅದು. ತಂತ್ರಜ್ಞರ ಲೆಕ್ಕದಲ್ಲಿ ಅದು ದೋಷವೇ ಇರಬಹುದು. ಇಂಥ ಬೊಂಬೆಗಳನ್ನು ಸಂಗ್ರಹಿಸುವ ನನ್ನಂಥವರನ್ನು ಸೆಳೆದದ್ದು ಮಾತ್ರ ಆ ಗುರುತೇ.

ಹೀಗೆ ಒಂದೊಂದೇ ಫ್ರೇಮಿಗೆ ಸರಿಸಿ ಚಲನೆ ಹುಟ್ಟಿಸುವ ವಿದ್ಯೆಗೆ ಸ್ಟಾಪ್ ಮೋಷನ್ ಎಂದು ಹೆಸರು. ಅದರ ಬೊಂಬೆಯ ಒಳಗೆ ಆರ್ಮೇಚರ್ ಎಂಬ ಲೋಹದ ಎಲುಬುಗೂಡು ಇರುತ್ತದೆ. ಅದರ ಕೀಲುಗಳು ಬೇಕೆಂದ ಕಡೆಗೆ ತಿರುಗಬೇಕು, ತಿರುಗಿಸಿ ಬಿಟ್ಟ ಭಂಗಿಯಲ್ಲಿ ಅಲುಗದೆ ನಿಲ್ಲಲೂ ಬೇಕು. ಅದರ ಮೇಲಿನ ಮಾಂಸ, ಚರ್ಮವೆಲ್ಲ ಲೇಟೆಕ್ಸ್ ರಬ್ಬರಿನದು. ಹದಿಮೂರನೆಯ ವಯಸ್ಸಿನಲ್ಲಿ ‘ಕಿಂಗ್ ಕಾಂಗ್’ ನೋಡಿ ಮರುಳಾದ ಲಾಸ್ ಏಂಜಲೀಸ್‌ನ ರೇ ಹ್ಯಾರಿಹೌಸನ್ ಮುಂದೆ ಈ ವಿದ್ಯೆಯ ಮೇರುವ್ಯಕ್ತಿಯಾದರು. ಅವರ ಬೊಂಬೆಗಳ ಎಲುಬುಗೂಡುಗಳನ್ನು ಬಹುಕಾಲ ಕಡೆದುಕೊಟ್ಟವರು ಅವರ ತಂದೆಯೇ.

ಸಂಗ್ರಾಹಕನ ಸಂಕಟ ಶುರುವಾಗುವುದು ರಬ್ಬರಿನಿಂದ. ಗಾಳಿ, ಬೆಳಕು, ಸೆಕೆಗೆ ಸಿಕ್ಕಿದ ಲೇಟೆಕ್ಸ್ ಕ್ರಮೇಣ ಬಿರುಸಾಗಿ, ಬಿರುಕುಬಿಟ್ಟು, ಕೊನೆಗೆ ಪುಡಿಯಾಗಿ ಉದುರುತ್ತದೆ. ಉಳಿಯುವುದು ಲೋಹ. 2009ರಲ್ಲಿ ಲಂಡನ್ನಿನ ಕ್ರಿಸ್ಟೀಸ್ ಹರಾಜಿನಲ್ಲಿ 1,21,000 ಪೌಂಡಿಗೂ ಹೆಚ್ಚಿಗೆ ಮಾರಾಟವಾದ ಕಿಂಗ್ ಕಾಂಗ್ ಬೊಂಬೆಯಲ್ಲಿ ಉಳಿದಿದ್ದುದು ಆ ಎಲುಬುಗೂಡೇ. ಹಲವು ಬೊಂಬೆಗಳಿಗೆ ಮುಪ್ಪಾಗುವ ಯೋಗವೂ ಇರಲಿಲ್ಲ: 1957ರ ಚಿತ್ರವೊಂದಕ್ಕೆ ಮಾಡಿದ ಈಮಿರ್ ಎಂಬ ಶುಕ್ರಗ್ರಹದ ಜೀವಿಯ ಆರ್ಮೇಚರನ್ನೇ ಹ್ಯಾರಿಹೌಸನ್ ಬಿಚ್ಚಿ, ಮರುವರ್ಷದ ಸಿಂದಬಾದ್ ಚಿತ್ರದ ಒಕ್ಕಣ್ಣ ರಾಕ್ಷಸನಿಗೆ ತೊಡಿಸಿದರು. ಹಣ ಕಡಿಮೆಯಿದ್ದ ಕೆಲಸದಲ್ಲಿ ಅದು ಸಹಜ. ಆದರೂ ಆ ಸಂಗತಿ ನೆನಪಾದಾಗ ನನಗೆ ಇಂದಿಗೂ ಹೊಟ್ಟೆ ಕಿವುಚಿದಂತಾಗುತ್ತದೆ.

1963ರ ‘ಜೇಸನ್ ಅಂಡ್ ದಿ ಆರ್ಗೊನಾಟ್ಸ್’ ಚಿತ್ರದಲ್ಲಿ ಏಳು ಅಸ್ಥಿಪಂಜರಗಳು ಮೂವರು ಮನುಷ್ಯರೊಡನೆ ಕತ್ತಿವರಸೆ ನಡೆಸುತ್ತವೆ. ಕೆಲವೇ ನಿಮಿಷಗಳ ಆ ಕಾಳಗದಲ್ಲಿ ಬೊಂಬೆಗಳನ್ನು ಆಡಿಸಲು ಹ್ಯಾರಿಹೌಸನ್ ಒಬ್ಬರೇ ನಾಲ್ಕೂವರೆ ತಿಂಗಳು ದುಡಿದರು. ದಿನವಿಡೀ ಕುಳಿತರೂ ಹದಿಮೂರು ಫ್ರೇಮ್ ಮುಗಿದರೆ ಹೆಚ್ಚು ಎಂಬಂಥ ದಿನಗಳಿದ್ದವು. ತೆರೆಯ ಮೇಲೆ ಅದು ಸುಮಾರು ಅರ್ಧ ಸೆಕೆಂಡು.

ನನ್ನಂಥವರ ಕೈಗೆಟಕುವುದು ರೆಸಿನ್ ಎಂಬ ಗಟ್ಟಿ ಪ್ಲಾಸ್ಟಿಕ್ಕಿನಲ್ಲಿ ಎರಕ ಹೊಯ್ದ ಪ್ರತಿಗಳು ಮಾತ್ರ. ಪ್ರತಿ ಕೊಳ್ಳುವಾಗ ಬಹಳ ಮಂದಿ ಮೊದಲು ಬಣ್ಣ ನೋಡುತ್ತಾರೆ. ನಾನು ಭಂಗಿ ನೋಡುತ್ತೇನೆ. ಹೆಗಲು, ಮೊಣಕೈ, ಹಿಮ್ಮಡಿಗಳು ಚಿತ್ರದ ಯಾವುದೋ ಒಂದು ಫ್ರೇಮಿನಲ್ಲಿ ಇದ್ದಂತೆಯೇ ಇರಬೇಕು. ಒಳಗೆ ಕೀಲಿರಬಹುದೆಂದು ನಂಬಿಕೆ ಬರುವಂತಿರಬೇಕು. ಅದಿಲ್ಲದಿದ್ದರೆ ಎಷ್ಟೇ ಚೆಂದದ ಬಣ್ಣ ಬಳಿದಿದ್ದರೂ ಅದು ಆಟಿಕೆಯೇ.

ನನ್ನ ಕಪಾಟಿನಲ್ಲಿ ಕಣ್ಣೆತ್ತರದ ಜಾಗ ಸಿಕ್ಕಿರುವುದು ಕಾಳಿಗೆ. 1973ರ ‘ದಿ ಗೋಲ್ಡನ್ ವಾಯೇಜ್ ಆಫ್ ಸಿಂದಬಾದ್’ ಚಿತ್ರದಲ್ಲಿ ಮಾಂತ್ರಿಕನೊಬ್ಬ ಆರು ಕೈಗಳ ಕಾಳಿಯ ವಿಗ್ರಹಕ್ಕೆ ಜೀವ ಬರಿಸಿ, ಮೊದಲು ಕುಣಿಸುತ್ತಾನೆ, ಆಮೇಲೆ ಆರೂ ಕೈಗೆ ಕತ್ತಿ ಬಂದು ಕಾಳಗ ನಡೆಯುತ್ತದೆ. ನಟರಿಗೆ ಅಭ್ಯಾಸವಾಗಲೆಂದು ಮೂವರು ಸಾಹಸ ಕಲಾವಿದರನ್ನು ಒಟ್ಟಿಗೆ ಕಟ್ಟಿ ಆರು ಕೈ ಮಾಡಿಕೊಂಡಿದ್ದರಂತೆ. ನಮ್ಮ ದೇವಿಯನ್ನು ಹೀಗೆ ಹಗೆಯಾಗಿ ತೋರಿಸಿದ್ದು ನನಗೆ ಒಪ್ಪಿಗೆಯಾಗಲಿಲ್ಲ, ಈಗಲೂ ಆಗಿಲ್ಲ. ಆದರೆ ಆ ಬೊಂಬೆಗೆ ಕಣ್ಣು ಮಿಟುಕಿಸುವ, ತುಟಿ ಅಲುಗಿಸುವ ಅನುಕೂಲವೇ ಇಲ್ಲ. ವಿಗ್ರಹವೊಂದು ಎಚ್ಚರಗೊಳ್ಳುತ್ತಿದೆ ಎಂಬುದನ್ನು ಕತ್ತಿನ ಒಂದು ಓರೆಯಿಂದ, ಮಣಿಕಟ್ಟಿನ ಒಂದು ತಿರುವಿನಿಂದ ಹೇಳಬೇಕಿತ್ತು, ಹ್ಯಾರಿಹೌಸನ್ ಹೇಳಿದ್ದಾರೆ.

ಅಸಲು ಬೊಂಬೆಗಳಲ್ಲಿ ಉಳಿದವನ್ನು ಹ್ಯಾರಿಹೌಸನ್ ದಂಪತಿಯ ಹೆಸರಿನಲ್ಲಿ 1986ರಲ್ಲಿ ಸ್ಥಾಪಿಸಿದ ಪ್ರತಿಷ್ಠಾನ ಕಾಪಾಡುತ್ತಿದೆ. ನಾನು ನನ್ನ ಕಾಳಿಯ ಧೂಳನ್ನು ಮೃದುವಾದ ಕುಂಚದಿಂದ, ಮೇಲಿನ ಬಲಗೈಯಿಂದ ಆರಂಭಿಸಿ ಒಂದೊಂದೇ ಕೈಯಾಗಿ ಒರೆಸುತ್ತೇನೆ. ಆರನೆಯ ಕೈಗೆ ಬರುವ ವೇಳೆಗೆ ಬೆರಳು ಸೋತಿರುತ್ತದೆ. ಹ್ಯಾರಿಹೌಸನ್ ಆ ಆರೂ ಕೈಗಳನ್ನು ಪ್ರತಿಯೊಂದು ಫ್ರೇಮಿಗೂ ಸರಿಸುತ್ತಿದ್ದರು.