ಸ್ಟರ್ಲಿಂಗ್ ಬ್ರಿಡ್ಜ್ ಯುದ್ಧದಲ್ಲಿ ಬ್ರಿಡ್ಜ್ ಎಲ್ಲಿ ಹೋಯ್ತು ಸ್ವಾಮಿ?

ನಮಸ್ಕಾರ. ಮೊನ್ನೆ ಭಾನುವಾರ 'ಬ್ರೇವ್‌ಹಾರ್ಟ್' ಸಿನಿಮಾ ಮತ್ತೆ ಹಾಕಿಕೊಂಡು ಕೂತಿದ್ದೆ, ಪಕ್ಕದಲ್ಲಿ ನನ್ನ ತಂಗಿ. ಮೆಲ್ ಗಿಬ್ಸನ್ ಮುಖಕ್ಕೆ ನೀಲಿ ಬಣ್ಣ ಬಳಿದುಕೊಂಡು ಕುದುರೆ ಮೇಲಿಂದ ಭಾಷಣ ಹೊಡೆದ, ಎರಡೂ ಕಡೆಯವರು ಬಯಲಲ್ಲಿ ಓಡಿ ಬಂದು ಡಿಕ್ಕಿ ಹೊಡೆದರು, ರಕ್ತ ಚಿಮ್ಮಿತು. ಎಲ್ಲ ಮುಗಿದ ಮೇಲೆ ಇವಳು ಫೋನ್‌ನಿಂದ ತಲೆ ಎತ್ತಿ ಕೇಳಿದಳು: "ಇದಕ್ಕೆ ಸ್ಟರ್ಲಿಂಗ್ ಬ್ರಿಡ್ಜ್ ಯುದ್ಧ ಅಂತ ಹೆಸರಂತೆ. ಬ್ರಿಡ್ಜ್ ಎಲ್ಲೋ?"

ಹೌದಲ್ಲ! ಮೂರು ಗಂಟೆಯ ಸಿನಿಮಾ, ಐದು ಆಸ್ಕರ್, ಸೇತುವೆ ಮಾತ್ರ ನಾಪತ್ತೆ.

ಹಿನ್ನೆಲೆ ಬೇಗ ಮುಗಿಸುತ್ತೇನೆ. ಸ್ಕಾಟ್‌ಲೆಂಡಿನ ರಾಜ ಮೂರನೇ ಅಲೆಕ್ಸಾಂಡರ್ 1286ರಲ್ಲಿ ಕುದುರೆಯಿಂದ ಬಿದ್ದು ಸತ್ತ. ಸಿನಿಮಾ ಮಾತ್ರ 1280ಕ್ಕೇ ರಾಜ ಸತ್ತಿದ್ದಾನೆ ಅನ್ನುತ್ತದೆ, ಪಾಪ, ಆಗ ಆಸಾಮಿ ಆರಾಮಾಗಿದ್ದ. ವಾರಸುದಾರಳಾಗಿದ್ದ ಪುಟ್ಟ ಮೊಮ್ಮಗಳೂ 1290ರಲ್ಲಿ ತೀರಿಕೊಂಡಳು. ಮುಂದಿನ ರಾಜ ಯಾರು ಅಂತ ತೀರ್ಮಾನ ಮಾಡಿ ಎಂದು ಪಕ್ಕದ ಇಂಗ್ಲೆಂಡಿನ ಒಂದನೇ ಎಡ್ವರ್ಡ್‌ನನ್ನು ಕರೆದರು. ಪಂಚಾಯ್ತಿಗೆ ಬಂದವನು ಕೊನೆಗೆ ಮನೆಯನ್ನೇ ಬರೆಸಿಕೊಂಡ. 1296ರಲ್ಲಿ ದಂಡೆತ್ತಿ ಬಂದು ದೇಶ ಹಿಡಿದ. ಮರುವರ್ಷ ದಂಗೆ. ದಕ್ಷಿಣದಲ್ಲಿ ವಿಲಿಯಂ ವ್ಯಾಲೇಸ್ (ಸಿನಿಮಾದಲ್ಲಿ ಗಿಬ್ಸನ್ ಮಾಡಿದ ಪಾತ್ರ ಇವನದೇ), ಉತ್ತರದಲ್ಲಿ ಆಂಡ್ರ್ಯೂ ಮರ್ರೆ. ಈ ಎರಡನೇ ಹೆಸರು ಸ್ವಲ್ಪ ನೆನಪಿಟ್ಟುಕೊಳ್ಳಿ.

ಈಗ ಬ್ರಿಡ್ಜ್‌ಗೆ ಬರೋಣ. ನಿಜ ಹೇಳಬೇಕೆಂದರೆ ಈ ವಿಡಿಯೋ ಮಾಡುತ್ತಿರುವುದೇ ಇದಕ್ಕೋಸ್ಕರ.

[ಸ್ಕ್ರೀನ್ ಮೇಲೆ: ಫೋರ್ತ್ ನದಿಯ ಮ್ಯಾಪ್, ಹಾವಿನ ಹಾಗೆ ಸುತ್ತಿಕೊಂಡ ತಿರುವು]

1297ರ ಸೆಪ್ಟೆಂಬರ್ 11. ಫೋರ್ತ್ ನದಿಯ ದಕ್ಷಿಣ ದಡದಲ್ಲಿ ಇಂಗ್ಲಿಷ್ ಸೈನ್ಯ, ಉತ್ತರದಲ್ಲಿ ಆಬಿ ಕ್ರೇಗ್ ಅನ್ನುವ ಗುಡ್ಡದ ಹತ್ತಿರ ಸ್ಕಾಟರು. ಮಧ್ಯೆ ಒಂದು ಮರದ ಸೇತುವೆ. ಎರಡು ಕುದುರೆ ಪಕ್ಕಪಕ್ಕ ಹೋದರೆ ಮುಗೀತು, ಅಷ್ಟೇ ಅಗಲ. ಬೆಳಗಿನಿಂದ ಹನ್ನೊಂದು ಗಂಟೆವರೆಗೆ ಸಾಲು ಬಿಡದೆ ದಾಟಿದ್ದರೂ ಸೈನ್ಯದ ಎಷ್ಟೋ ಭಾಗ ಈಚೆ ದಡದಲ್ಲೇ ಉಳಿಯುತ್ತಿತ್ತು ಎಂದು ಆ ಕಾಲದ ಚರಿತ್ರಕಾರನೇ ಬರೆದಿದ್ದಾನೆ.

ಮದುವೆ ಛತ್ರದ ಊಟದ ಹಾಲ್ ನೆನಪಿಸಿಕೊಳ್ಳಿ. ದೊಡ್ಡ ಬಾಗಿಲಿಗೆ ಬೀಗ, ಪಕ್ಕದ ಸಣ್ಣ ಬಾಗಿಲಿನ ಒಂದೇ ರೆಕ್ಕೆ ತೆರೆದಿರುತ್ತದೆ. ಹೊರಗೆ ಐನೂರು ಜನ ನೂಕುತ್ತಿದ್ದಾರೆ, ಒಳಗೆ ಹೋಗಿ ಎಲೆ ಮುಂದೆ ಕೂತವರು ಐವತ್ತು. ಆ ಐವತ್ತು ಜನ ಕೂತ ಕ್ಷಣಕ್ಕೆ ಬಡಿಸುವವರೆಲ್ಲ ಸೌಟು ಬಿಟ್ಟು ಈಟಿ ಹಿಡಿದುಕೊಂಡು ಬಂದರೆ? ಹೊರಗಿನವರು ಒಳಗೆ ಬರುವ ಹಾಗಿಲ್ಲ, ಒಳಗಿನವರು ಹೊರಗೆ ಓಡುವ ಹಾಗಿಲ್ಲ, ಸುಮ್ನೆ ನೋಡುತ್ತಾ ನಿಲ್ಲಬೇಕು. ವ್ಯಾಲೇಸ್ ಮತ್ತು ಮರ್ರೆ ಮಾಡಿದ್ದು ಇದನ್ನೇ. ಸಾಕಷ್ಟು ಜನ ದಾಟುವವರೆಗೆ ಗುಡ್ಡದ ಮೇಲೆ ಕಾದರು, ಆಮೇಲೆ ಇಳಿದು ಬಂದು ಸೇತುವೆಯ ತುದಿಯನ್ನೇ ಮುಚ್ಚಿದರು. ದಾಟಿದವರಿಗೆ ಮೂರು ಕಡೆ ನದಿ, ಒಂದು ಕಡೆ ಈಟಿ.

ಇದಕ್ಕಿಂತ ಮುಂಚಿನ ಕಾಮಿಡಿ ಕೇಳಿ. ಇಂಗ್ಲಿಷ್ ಸೇನಾಪತಿ, ಸರ್ರೆಯ ಅರ್ಲ್ ಜಾನ್ ಡಿ ವಾರೆನ್, ಅವತ್ತು ಎದ್ದಿದ್ದೇ ಲೇಟು! ಬೆಳಗ್ಗೆ ಒಂದಷ್ಟು ಕಾಲಾಳುಗಳು ಸೇತುವೆ ದಾಟಿ ನೋಡಿದರೆ ಸಾಹೇಬರು ಇನ್ನೂ ಹಾಸಿಗೆಯಲ್ಲಿ. ಸರಿ, ವಾಪಸ್ ದಾಟಿಕೊಂಡು ಬಂದರು. ಆಮೇಲೆ ಸ್ಕಾಟರನ್ನು ಬಿಟ್ಟು ಇಂಗ್ಲಿಷರ ಕಡೆ ಸೇರಿದ್ದ ಒಬ್ಬ ನೈಟ್, ಅಂದರೆ ಕುದುರೆ ಸವಾರ ಯೋಧ, ಬಂದು, ಹತ್ತಿರದಲ್ಲೇ ಆಳವಿಲ್ಲದ ಜಾಗ ಇದೆ, ಅಲ್ಲಿ ಒಂದೇ ಸಲಕ್ಕೆ ಅರವತ್ತು ಜನ ದಾಟಬಹುದು, ನನಗೊಂದಿಷ್ಟು ಜನ ಕೊಡಿ, ಸ್ಕಾಟರ ಬೆನ್ನ ಹಿಂದೆ ಹೋಗುತ್ತೇನೆ ಎಂದ. ಬುದ್ಧಿವಂತ. ಆದರೆ ಖಜಾಂಚಿ ಹ್ಯೂ ಡಿ ಕ್ರೆಸಿಂಗ್‌ಹ್ಯಾಮ್ ಒಪ್ಪಬೇಕಲ್ಲ? ತಡ ಮಾಡಿ ರಾಜನ ದುಡ್ಡು ಸುಮ್ನೆ ಹಾಳು ಮಾಡಬೇಡಿ, ನಡೀರಿ ಮುಂದೆ, ಅಂದ. ಮುಂದೆ ನಡೆದವರಲ್ಲಿ ಅವನೂ ಇದ್ದ. ಅಲ್ಲೇ ಸತ್ತ. ತೆರಿಗೆಗಾಗಿ ಜನ ಅವನನ್ನು ಎಷ್ಟು ದ್ವೇಷಿಸುತ್ತಿದ್ದರೆಂದರೆ ಹೆಣದ ಚರ್ಮ ಸುಲಿದು ಚೂರುಚೂರು ಹಂಚಿಕೊಂಡರಂತೆ. ಇನ್ನೊಬ್ಬ ಚರಿತ್ರಕಾರನಂತೂ ವ್ಯಾಲೇಸ್ ಅದರಲ್ಲಿ ಕತ್ತಿಗೆ ಪಟ್ಟಿ ಮಾಡಿಸಿಕೊಂಡ ಎಂದೇ ಬರೆದಿದ್ದಾನೆ. ಬರೆದವರು ಇಂಗ್ಲಿಷರು, ಸ್ವಲ್ಪ ಮಸಾಲೆ ಇರಬಹುದು.

ನಿದ್ದೆಗಣ್ಣಿನ ಸೇನಾಪತಿ, ಜಿಪುಣ ಖಜಾಂಚಿ, ಬಾಟಲಿಯ ಕತ್ತಿನಂಥ ಸೇತುವೆ. ಸ್ಕ್ರಿಪ್ಟ್ ತಾನಾಗಿಯೇ ಕೈಗೆ ಬಂದು ಬಿದ್ದಿತ್ತು! ಅದನ್ನು ಬಿಟ್ಟು ಬಯಲಲ್ಲಿ ಓಡಿಸಿದರಲ್ಲ, ನನಗೆ ಹೊಟ್ಟೆ ಉರಿಯುವುದು ಅದಕ್ಕೆ. ಆ ಬಯಲೂ ಸ್ಕಾಟ್‌ಲೆಂಡಿನದಲ್ಲ, ಐರ್ಲೆಂಡಿನದು. ಸೈನಿಕರಾಗಿ ಓಡಿದವರಲ್ಲಿ ಎಷ್ಟೋ ಜನ ಐರಿಷ್ ಮೀಸಲು ಪಡೆಯವರು. ಸ್ಕಾಟರು ಹೇಳುವ ಜೋಕ್ ಒಂದಿದೆ. ಸೇತುವೆ ಯಾಕಿಲ್ಲ ಅಂತ ಕೇಳಿದ್ದಕ್ಕೆ ಸಿನಿಮಾದವರು "ಅದು ಅಡ್ಡ ಬರುತ್ತಿತ್ತು" ಅಂದರಂತೆ. ಸ್ಕಾಟ್ ಮುದುಕ, "ಹೂಂ, ಇಂಗ್ಲಿಷರಿಗೂ ಹಾಗೇ ಆಗಿತ್ತು" ಅಂದನಂತೆ.

ಅಯ್ಯೋ, ಟೈಮ್ ಆಗ್ತಿದೆ. ಸಿನಿಮಾದ ಉಳಿದ ಎಡವಟ್ಟುಗಳನ್ನು ಒಂದೇ ಉಸಿರಿಗೆ ಹೇಳಿಬಿಡುತ್ತೇನೆ. ಆ ನೀಲಿ ಬಣ್ಣ ರೋಮನ್ನರ ಕಾಲದ ಮಾತು, ಸಾವಿರ ವರ್ಷಕ್ಕೂ ಹಳೇದು, ಸೊಂಟಕ್ಕೆ ಸುತ್ತಿದ ಆ ಲಂಗದಂಥ ಕಿಲ್ಟ್ ಉಡುಪಾದರೋ ಇನ್ನೂರೈವತ್ತು ಮುನ್ನೂರು ವರ್ಷ ಆಮೇಲಿನದು, ಅಂದರೆ ನಮ್ಮ ವ್ಯಾಲೇಸ್ ಮುಖದಲ್ಲಿ ಒಂದು ಯುಗ, ಸೊಂಟದಲ್ಲಿ ಇನ್ನೊಂದು ಯುಗ ಇಟ್ಟುಕೊಂಡು ಓಡಾಡುತ್ತಾನೆ. ಮದುಮಗಳ ಮೊದಲ ರಾತ್ರಿ ಜಮೀನ್ದಾರನಿಗೆ ಅನ್ನುವ ಕಾನೂನಿಗೆ ಪುರಾವೆಯೇ ಇಲ್ಲ. ರಾಜಕುಮಾರಿ ಇಸಬೆಲ್ಲಾ ಜೊತೆ ಪ್ರೇಮ? 1305ರ ಆಗಸ್ಟ್‌ನಲ್ಲಿ ವ್ಯಾಲೇಸ್‌ನನ್ನು ಲಂಡನ್ನಿನಲ್ಲಿ ಕೊಂದಾಗ ಆ ಹುಡುಗಿಗೆ ಸುಮಾರು ಹತ್ತು ವರ್ಷ, ಇದ್ದದ್ದು ಫ್ರಾನ್ಸಿನಲ್ಲಿ, ಅವಳ ಮದುವೆಯಾಗಿದ್ದೇ 1308ರಲ್ಲಿ. ಇನ್ನು ಎಡ್ವರ್ಡ್ ವ್ಯಾಲೇಸ್ ಜೊತೆಗೇ ಪ್ರಾಣ ಬಿಡಲಿಲ್ಲ, 1307ರವರೆಗೆ ಇದ್ದ.

ಮರ್ರೆ ನೆನಪಿದ್ದಾನಲ್ವಾ? ಯುದ್ಧದಲ್ಲಿ ಗಾಯಗೊಂಡು ಕೆಲವೇ ತಿಂಗಳಲ್ಲಿ ಸತ್ತ, ಸಿನಿಮಾದಲ್ಲಿ ಹುಟ್ಟಲೇ ಇಲ್ಲ. ಗೆದ್ದು ಒಂದು ತಿಂಗಳಿಗೆ, ಅಕ್ಟೋಬರ್ 11ರಂದು, ಇವರಿಬ್ಬರೂ ಜರ್ಮನಿಯ ಲ್ಯೂಬೆಕ್ ಮತ್ತು ಹ್ಯಾಂಬರ್ಗ್ ವ್ಯಾಪಾರಿಗಳಿಗೆ ಒಂದು ಪತ್ರ ಕಳಿಸಿದರು. ಸ್ವಾತಂತ್ರ್ಯದ ಕೂಗು ಅದರಲ್ಲಿಲ್ಲ. ನಮ್ಮ ಬಂದರುಗಳು ಮತ್ತೆ ತೆರೆದಿವೆ, ಸರಕು ತನ್ನಿ ಅಂತಿದೆ. ವ್ಯಾಲೇಸ್‌ನ ಮುದ್ರೆಯಲ್ಲಿ ಒಂದು ಬಿಲ್ಲು, ಸುತ್ತ 'ಆಲನ್‌ನ ಮಗ ವಿಲಿಯಂ' ಅಂತ ಅಕ್ಷರ. ಸಿನಿಮಾದಲ್ಲಿ ಅಪ್ಪನ ಹೆಸರು ಮಾಲ್ಕಮ್!

ಪತ್ರ ಬರೆದವರ ಹೆಸರು ಶುರುವಿನಲ್ಲೇ ಇದೆ. ಮೊದಲು ಆಂಡ್ರ್ಯೂ ಮರ್ರೆ, ಆಮೇಲೆ ವಿಲಿಯಂ ವ್ಯಾಲೇಸ್. ಬರ್ತೀನಿ, ತಂಗಿಗೆ ಇದನ್ನ ಹೇಳಬೇಕು.