ಗಾಡಿ ಸ್ಟಾರ್ಟ್ ಇಲ್ಲ, ಡೋರ್ ಲಾಕ್ ಇಲ್ಲ, ಕೊಟೇಶನ್ ಮಾತ್ರ 38,000!

ಕೇಳಿಸ್ತಿದೆ ಅಲ್ವಾ, ಸೆಲ್ಫ್ ಚೆನ್ನಾಗೇ ಹೊಡೀತಿದೆ, ಇಂಜಿನ್ ಮಾತ್ರ ಹತ್ಕೊಳ್ತಿಲ್ಲ. ಮೀಟರಲ್ಲಿ ಕೀ ಚಿತ್ರದ ಲೈಟ್ ಮಿಣುಕ್ತಾ ಇದೆ ನೋಡಿ, ಅದೇ ಇಮ್ಮೊಬಿಲೈಸರ್, ಗಾಡಿ ಕಳ್ಳತನ ತಡೆಯೋ ಲಾಕು. ಕೀ ಗುರ್ತು ಸಿಕ್ಕಿಲ್ಲ, ಅದಕ್ಕೇ ಹಠ ಹಿಡ್ದಿದೆ. 2008ರ ಗಾಡಿ ಇದು.

ಇದ್ರ ಜೊತೆಗೆ ಡ್ರೈವರ್ ಡೋರ್ ಸೆಂಟ್ರಲ್ ಲಾಕೂ ಕೈಕೊಟ್ಟಿತ್ತು. ಎರಡೂ ಒಟ್ಟಿಗೆ ಹೋಯ್ತಲ್ಲ, ಮನೆಗೆ ಬಂದ ಸರ್ವಿಸ್ ಹುಡುಗಂಗೆ ಅಷ್ಟೇ ಸಾಕಾಯ್ತು. ಬಾನೆಟ್ಟೂ ಎತ್ಲಿಲ್ಲ, "ಸರ್ ಇಸಿಎಂ ಹೋಗಿದೆ, ಕೀ ಸೆಟ್, ಲಾಕ್ ಸೆಟ್ ಎಲ್ಲಾ ಸೇರಿ 38,000 ಆಗುತ್ತೆ" ಅಂದ್ಬಿಟ್ಟ. ಇಸಿಎಂ ಅಂದ್ರೆ ಇಂಜಿನ್ ನಡೆಸೋ ಕಂಪ್ಯೂಟರ್. ಗಾಡಿ ಮಾರಿದ್ರೆ ಒಂದು ಲಕ್ಷ ಹುಟ್ಟಲ್ಲ ಗುರು! ಲೇಬರ್ ಬೇರೆಯಂತೆ, ಜಿಎಸ್‌ಟಿ ಬೇರೆಯಂತೆ. ಸ್ಪೇರ್ ಕೀ ಇದ್ಯಾ ಅಂತ ಒಂದ್ ಮಾತು ಕೇಳ್ಬೇಕೋ ಬೇಡ್ವೋ? ಇಲ್ನೋಡಿ, ಸ್ಪೇರ್ ಕೀ ಹಾಕ್ದೆ, ಒಂದೇ ಸಲಕ್ಕೆ ಸ್ಟಾರ್ಟು. ಇಸಿಎಂ ಸತ್ತಿದ್ರೆ ಇದೆಲ್ಲಿಂದ ಆಗ್ತಿತ್ತು?

ಮೊದ್ಲಿನ ಕೀ ಬಿಚ್ಚಿದ್ರೆ ಒಳಗೆ ಚಿಪ್ಪೇ ಇಲ್ಲ, ಇಮ್ಮೊಬಿಲೈಸರ್ ಗುರ್ತು ಹಿಡಿಯೋದೇ ಆ ಚಿಪ್ಪನ್ನ. ಕೀ ಕವರ್ ಒಡ್ದೋಗಿತ್ತು ಅಂತ ನನ್ನ ತಮ್ಮ ಬೈಕಲ್ಲಿ ಹೋಗಿ ಬದಲಾಯಿಸ್ಕೊಂಡ್ ಬಂದಿದ್ದ. ಕೀ ಅಂಗಡಿಯವ್ನು ರಿಮೋಟ್ ಬೋರ್ಡ್ ಹಾಕಿದಾನೆ, ಹೊಸ ಸೆಲ್ ಹಾಕಿದಾನೆ, ಚಿಪ್ ಮಾತ್ರ ಹಳೇ ಕವರಲ್ಲೇ ಬಿಟ್ಟಿದಾನೆ. ಅಕ್ಕಿ ಕಾಳಿಗಿಂತ ಒಂಚೂರು ದಪ್ಪ ಇರುತ್ತೆ ಅಷ್ಟೇ, ಇದಕ್ಕೆ ಸೆಲ್ ಬೇಡ, ಕೀ ಹೋಲ್ ಸುತ್ತ ಇರೋ ಕಾಯಿಲ್, ಅಂದ್ರೆ ತಂತಿ ಸುರುಳೀನೇ ಕರೆಂಟ್ ಕೊಡುತ್ತೆ, ಅದಕ್ಕೇ ರಿಮೋಟ್ ಸತ್ರೂ ಗಾಡಿ ಸ್ಟಾರ್ಟ್ ಆಗೋದು. ಪುಣ್ಯಕ್ಕೆ ನಮ್ಮಮ್ಮ ಏನನ್ನೂ ಬಿಸಾಕಲ್ಲ, ಹಳೇ ಕವರ್ ಚಿಪ್ ಸಮೇತ ಗುಂಡಿ-ಸೂಜಿ ಡಬ್ಬೀಲಿತ್ತು, ಅದೇ ಡಬ್ಬೀಲಿ ನನ್ನ ಹೈಸ್ಕೂಲ್ ಬ್ಯಾಡ್ಜೂ ಸಿಕ್ತು, ಅದನ್ನ ಇನ್ನೊಂದ್ ವಿಡಿಯೋದಲ್ಲಿ ತೋರಿಸ್ತೀನಿ. ಈ ಇಮ್ಮೊಬಿಲೈಸರ್ರೇ ಬೇಡದ ತಲೆನೋವು... ಅಲ್ಲ, ಹಂಗನ್ಬಾರ್ದು, ರಾತ್ರಿಯೆಲ್ಲಾ ಗಾಡಿ ರೋಡಲ್ಲೇ ನಿಂತಿರುತ್ತೆ, ಯಾವನೋ ಸ್ಕ್ರೂಡ್ರೈವರ್ ಹಾಕಿ ತಿರುಗ್ಸಿದ್ರೂ ಹತ್ಕೊಳ್ಳಲ್ವಲ್ಲ, ಇರ್ಲಿ.

ಆಯ್ತು, ಡೋರ್. ಬಾಗ್ಲು ಅರ್ಧ ತೆಗೆದಾಗ ಲಾಕ್ ಕೆಲ್ಸ ಮಾಡುತ್ತೆ, ಪೂರ್ತಿ ತೆಗೆದ್ರೆ ಸತ್ತೋಗುತ್ತೆ, ನೋಡಿ. ಅಂದ್ರೆ ಮೋಟರ್ ಸರಿಯಾಗೇ ಇದೆ, ಹೋಗಿರೋದು ವೈರು. ಬಾಗ್ಲು-ಬಾಡಿ ಮಧ್ಯೆ ಈ ರಬ್ಬರ್ ಟ್ಯೂಬ್ ಇದ್ಯಲ್ಲ, ಇಷ್ಟು ವರ್ಷ ಮಡಚಿ ಮಡಚಿ ಒಳಗೆ ಹಸಿರು ವೈರ್ ತುಂಡಾಗಿದೆ, ಪಕ್ಕದ್ದೂ ಇನ್ನೇನು ಹೋಗೋದ್ರಲ್ಲಿದೆ. ಸುಮ್ನೆ ತಿರುಚಿ ಟೇಪ್ ಸುತ್ತಿದ್ರೆ ಮತ್ತೆ ಅಲ್ಲೇ ಕಿತ್ಕೊಳ್ಳುತ್ತೆ, ಹಂಗೆ ಸುತ್ತೋರನ್ನ ಕಂಡ್ರೆ ಮೈ ಉರಿಯುತ್ತೆ. ಎರಡಿಂಚು ಹೊಸ ವೈರ್ ಸೇರಿಸಿ ಸೋಲ್ಡರ್ ಮಾಡಿ ಸ್ಲೀವ್ ಹಾಕಿದೀನಿ, ಜಾಯಿಂಟು ಮಡಚೋ ಜಾಗದಿಂದ ದೂರ ಇರ್ಬೇಕು. ಬ್ಯಾಟರಿ ನೆಗೆಟಿವ್ ಮೊದ್ಲೇ ಬಿಚ್ಚಿದ್ದೆ. ಕಷ್ಟದ ಕೆಲ್ಸ ಅಂದ್ರೆ ಆ ದರಿದ್ರ ರಬ್ಬರ್ ವಾಪಸ್ ಕೂರಿಸೋದು, ಬೆರಳು ಸುಲ್ದೋಯ್ತು, ಕೊನೆಗೆ ಸೋಪಿನ ನೀರು ಸವರಿದ್ಮೇಲೆ ಒಳಗೆ ಹೋಯ್ತು.

ಒತ್ತೋ... ನಾಲ್ಕೂ ಲಾಕ್ ಟಕ್ ಅಂತ ಬಿತ್ತು! ಬ್ಯಾಕ್ ಡೋರ್ ಪವರ್ ವಿಂಡೋನೂ ತೋರ್ಸೋಣ ಅಂದ್ಕೊಂಡೆ, ತಮ್ಮನ ಫೋನಲ್ಲಿ ಸ್ಟೋರೇಜ್ ಫುಲ್ ಅಂತೆ, ಕಟ್ ಆಗ್ತಿದೆ, ಸಿಗ್ತೀನಿ.