ಗಂಡನ ಹೆಸರಿನ ಹಾಳೆ ಎಲ್ಲಿ?

ನಾಲ್ಕು ವರ್ಷಗಳ ವರದಿಗಳನ್ನು ತುಂಬಿಕೊಂಡ ಬಟ್ಟೆಯ ಚೀಲವೊಂದು ಆ ಹೆಣ್ಣುಮಗಳ ಮಡಿಲಲ್ಲಿತ್ತು. ಸ್ಕ್ಯಾನ್, ಹಾರ್ಮೋನ್ ಪರೀಕ್ಷೆ, ಮತ್ತೆ ಸ್ಕ್ಯಾನ್. ಆಸ್ಪತ್ರೆಯ ಬೆಂಚಿನಲ್ಲಿ ನನ್ನ ಪಕ್ಕದಲ್ಲೇ ಕುಳಿತಿದ್ದಳು. ಗಂಡನ ಹೆಸರಿನ ಹಾಳೆ ಒಂದೂ ಇರಲಿಲ್ಲ. "ಅವರಿಗೆ ನಾಚಿಕೆ ಅಕ್ಕಾ, ವೀರ್ಯ ಪರೀಕ್ಷೆ ಎಂದರೆ ಎದ್ದು ಹೋಗುತ್ತಾರೆ" ಎಂದಳು. ಮಕ್ಕಳಾಗದ ದಂಪತಿಗಳಲ್ಲಿ ಸುಮಾರು ಅರ್ಧದಷ್ಟು ಕಡೆ ಗಂಡಸಿನ ಕಾರಣವೂ ಇರುತ್ತದೆ. ಆದರೂ ಸೂಜಿ ಚುಚ್ಚಿಸಿಕೊಳ್ಳುವವಳು ಹೆಂಡತಿಯೇ. ನನಗೆ ಹೊಟ್ಟೆ ಉರಿಯಿತು.

ಈ ನಾಚಿಕೆ ವಿಜ್ಞಾನಿಗಳಿಗೂ ಇದ್ದಿದ್ದರೆ ಏನಾಗುತ್ತಿತ್ತು, ಕೇಳಿ. 1998ರಲ್ಲಿ ದೆಹಲಿಯ ನ್ಯಾಷನಲ್ ಇನ್‌ಸ್ಟಿಟ್ಯೂಟ್ ಆಫ್ ಇಮ್ಯುನಾಲಜಿಯಲ್ಲಿ ಡಾ. ಅನಿಲ್ ಸೂರಿ ಅವರು ವೀರ್ಯಾಣುವಿನ ಒಂದು ಪ್ರೋಟೀನನ್ನು ಪತ್ತೆ ಮಾಡಿದರು. ಹೆಸರು ಸ್ಪ್ಯಾಗ್9. ವೀರ್ಯಾಣುವಿನ ತಲೆಯ ಮೇಲೆ ಟೋಪಿಯಂತೆ ಕೂತ ಭಾಗದಲ್ಲಿ ಅದರ ವಾಸ. ಪ್ರಯೋಗಾಲಯದಲ್ಲಿ ಅದನ್ನು ಪ್ರತಿಕಾಯಗಳಿಂದ ಮುಚ್ಚಿದಾಗ, ವೀರ್ಯಾಣು ಅಂಡಕ್ಕೆ ಅಂಟಿಕೊಳ್ಳುವುದೇ ತಗ್ಗಿತು.

ಆಮೇಲೆ ಅದೇ ಪ್ರೋಟೀನ್ ಗರ್ಭಕಂಠದ, ಅಂಡಾಶಯದ, ಸ್ತನದ ಕ್ಯಾನ್ಸರ್ ಗೆಡ್ಡೆಗಳಲ್ಲಿ ಸಿಕ್ಕಿತು. ಹೆಂಗಸಿನ ದೇಹದಲ್ಲಿ ವೀರ್ಯಾಣುವಿನ ಪ್ರೋಟೀನ್! ಕ್ಯಾನ್ಸರ್ ಕೋಶವು ಬೀಗ ಹಾಕಿಟ್ಟ ಜೀನ್‌ಗಳನ್ನೂ ತೆರೆದು ತನ್ನ ಬೆಳವಣಿಗೆಗೆ ದುಡಿಸಿಕೊಳ್ಳುತ್ತದೆ.

ಅದರ ಈ ಕಳ್ಳತನವೇ ನಮಗೊಂದು ದಾರಿ. ವೀರ್ಯಾಣು ಹುಟ್ಟುವುದು ಹರೆಯದಲ್ಲಿ. ಅಷ್ಟು ಹೊತ್ತಿಗೆ ನಮ್ಮ ರೋಗನಿರೋಧಕ ವ್ಯವಸ್ಥೆ ತನ್ನವರಾರು, ಹೊರಗಿನವರಾರು ಎಂಬುದನ್ನು ಬಹುಪಾಲು ಕಲಿತಿರುತ್ತದೆ. ವೃಷಣದೊಳಗೆ ಈ ವ್ಯವಸ್ಥೆ ನುಗ್ಗದಂತೆ ತಡೆಬೇಲಿಯೂ ಇದೆ. ಹಾಗಾಗಿ ವೀರ್ಯಾಣುವಿನ ಪ್ರೋಟೀನ್ ಸ್ವಂತ ದೇಹಕ್ಕೇ ಅಪರಿಚಿತ. ಗೆಡ್ಡೆಯಲ್ಲಿ ತಲೆ ಎತ್ತಿದರೆ ಗುರುತು ಹಿಡಿಯಬಹುದು. ಚೆನ್ನೈನ ಅಡ್ಯಾರ್ ಕ್ಯಾನ್ಸರ್ ಸಂಸ್ಥೆ ಗರ್ಭಕಂಠದ ಕ್ಯಾನ್ಸರ್ ರೋಗಿಗಳ ರಕ್ತದಿಂದಲೇ ಡೆಂಡ್ರಿಟಿಕ್ ಕೋಶಗಳನ್ನು (ಶತ್ರುವಿನ ಗುರುತನ್ನು ರೋಗನಿರೋಧಕ ವ್ಯವಸ್ಥೆಗೆ ತೋರಿಸಿಕೊಡುವ ಕೋಶಗಳು) ಬೆಳೆಸಿ, ಅವಕ್ಕೆ ಸ್ಪ್ಯಾಗ್9 ಪರಿಚಯ ಮಾಡಿಸಿ ಮರಳಿ ಚುಚ್ಚುವ ಪ್ರಯೋಗಕ್ಕೆ ಕೈಹಾಕಿದ್ದು ಈ ಲೆಕ್ಕಾಚಾರದ ಮೇಲೆಯೇ.

ಇದು ಇನ್ನೂ ಪ್ರಯೋಗದ ಮಾತು. ಇದೇ ಜೀನ್‌ನ ಇನ್ನೊಂದು ರೂಪವಾದ ಜೆಐಪಿ4 ದೇಹದ ಬೇರೆ ಅಂಗಾಂಶಗಳಲ್ಲೂ ಕೆಲಸ ಮಾಡುತ್ತದೆ, ಆದ್ದರಿಂದ ಆರೋಗ್ಯವಾಗಿರುವ ಅಂಗಾಂಶಕ್ಕೂ ಏಟು ಬೀಳದಂತೆ ಎಚ್ಚರ ಬೇಕೇ ಬೇಕು. "ಕ್ಯಾನ್ಸರಿಗೆ ಲಸಿಕೆ ಸಿಕ್ಕಿತು" ಎಂಬ ವಾಟ್ಸ್‌ಆ್ಯಪ್ ಸಂದೇಶವನ್ನು ದಯವಿಟ್ಟು ಹಂಚಬೇಡಿ. ಆದರೆ ವೀರ್ಯಾಣುವನ್ನು ಸಂಕೋಚವಿಲ್ಲದೆ ಸೂಕ್ಷ್ಮದರ್ಶಕದಡಿ ಇಟ್ಟವರಿಂದಲೇ ಈ ಹಾದಿ ಕಂಡಿತು.

ಆ ಹೆಣ್ಣುಮಗಳ ಗಂಡನಿಗೂ, ಅವನಂತೆ ಎದ್ದು ಹೋಗುವ ಎಲ್ಲ ಅಣ್ಣತಮ್ಮಂದಿರಿಗೂ ಹೇಳುತ್ತಿದ್ದೇನೆ. ಎರಡರಿಂದ ಏಳು ದಿನಗಳ ಸಂಯಮ, ಲ್ಯಾಬಿನವರು ಕೊಡುವ ಒಂದು ಸಣ್ಣ ಡಬ್ಬಿ, ಬಾಗಿಲು ಹಾಕಿಕೊಂಡ ಒಂದು ಕೋಣೆ. ಸೂಜಿಯಿಲ್ಲ, ಅರಿವಳಿಕೆಯಿಲ್ಲ. ಮುಂದಿನ ಸೋಮವಾರವೇ ಹೋಗಿ.